ಸ್ಮಿಟನ್, ಎನಾಮರ್ಡ್, ಇನ್‌ಫ್ಯಾಚುಯೇಟೆಡ್: ಯಾವುದನ್ನು ಎಲ್ಲಿ ಬಳಸೋದು?

ಪ್ರೀತಿಯಲ್ಲಿ ಬಿದ್ದಿದ್ದಾರೆ ಅಂತ ಇಂಗ್ಲಿಷಿನಲ್ಲಿ ಬರೆಯಬೇಕು, ಆದರೆ ‘ಇನ್ ಲವ್’ ಯಾಕೋ ಸಪ್ಪೆ ಅನಿಸುತ್ತಿದೆ, ಅಲ್ವಾ? ಹಾಗಿದ್ದರೆ ಮೊದಲು ‘ಸ್ಮಿಟನ್’ ನೋಡಿ. ಇದು ‘ಸ್ಮೈಟ್’ ಎಂಬ ಹಳೇ ಕ್ರಿಯಾಪದದಿಂದ ಬಂದದ್ದು. ಅದರರ್ಥ ಹೊಡೆಯುವುದು. ಅಂದರೆ ಸ್ಮಿಟನ್ ಆದವರು ಏಟು ತಿಂದವರು! ಮದುವೆಮನೆಯಲ್ಲಿ ಬಡಿಸುತ್ತಿದ್ದ ಹುಡುಗಿ ‘ಸಾರು ಹಾಕಲಾ, ಮಜ್ಜಿಗೆ ಹಾಕಲಾ?’ ಅಂದರೆ ಎರಡಕ್ಕೂ ತಲೆ ಆಡಿಸಿದನಲ್ಲ, ಅವನು ಸ್ಮಿಟನ್. ನಮ್ಮ ‘ಮರುಳಾದ’ ಇದಕ್ಕೆ ಹತ್ತಿರ. ಪಕ್ಕದಲ್ಲಿ ‘ವಿತ್’ ಅಥವಾ ‘ಬೈ’ ಬರುತ್ತದೆ.

‘ಎನಾಮರ್ಡ್’ ಸ್ವಲ್ಪ ಇಸ್ತ್ರಿ ಹಾಕಿದ ಪದ. ಒಳಗಿರುವುದು ಫ್ರೆಂಚಿನ ‘ಅಮೂರ್’, ಅಂದರೆ ಪ್ರೀತಿ. ಮನುಷ್ಯರಿಗಷ್ಟೇ ಅಲ್ಲ, ಊರಿಗೆ, ಹಳೇ ಮನೆಗೆ, ಹೊಸ ಐಡಿಯಾಗೂ ಸಲ್ಲುತ್ತದೆ. ‘ನಾಟ್ ಎನಾಮರ್ಡ್’ ಅಂದರೆ ‘ನನಗೇನೂ ಅಷ್ಟು ಹಿಡಿಸಲಿಲ್ಲ’ ಅಂತ ನಯವಾಗಿ ಹೇಳಿದ ಹಾಗೆ. ಇದಕ್ಕೆ ‘ಆಫ್’ (of) ಅಥವಾ ‘ವಿತ್’.

‘ಇನ್‌ಫ್ಯಾಚುಯೇಟೆಡ್’ ಬಳಸುವಾಗ ಮಾತ್ರ ಹುಷಾರು. ಪೆದ್ದು ಎಂಬ ಅರ್ಥದ ಲ್ಯಾಟಿನ್ ಪದವೇ ಇದರ ಬೇರು. ನಾಲ್ಕು ದಿನದ ಹುಚ್ಚು ಅನ್ನೋ ಧ್ವನಿ ಇದೆ. ಗೆಳೆಯನನ್ನು ಸುಮ್ನೆ ಕಾಲೆಳೆಯಲು ಸರಿ. ಹೆಂಡತಿಗೆ ಕೊಡುವ ಕಾರ್ಡಿನಲ್ಲಿ ಬೇಡ. ಅಲ್ಲಿ ಸ್ಮಿಟನ್ ಅಂತಲೇ ಬರೆಯಿರಿ, ಮದುವೆಯಾಗಿ 20 ವರ್ಷ ಆಗಿದ್ದರೂ.