ಹೂಡಿಕೆ ಆ್ಯಪಿನ ರಿಸ್ಕ್ ಪ್ರಶ್ನಾವಳಿ: ಶಕ್ತಿಯನ್ನು ಅಳೆಯುತ್ತದೆ, ಮನಸ್ಸನ್ನಲ್ಲ

ಮ್ಯೂಚುವಲ್ ಫಂಡ್ ಸಲಹೆ ನೀಡುವ ಆ್ಯಪ್ ಒಂದರಲ್ಲಿ ಖಾತೆ ತೆರೆಯುವಾಗ ತುಂಬಬೇಕಾದ, ನಷ್ಟದ ಅಪಾಯವನ್ನು ನಾವೆಷ್ಟು ತಾಳಬಲ್ಲೆವೆಂದು ಅಂದಾಜಿಸುವ ರಿಸ್ಕ್ ಪ್ರೊಫೈಲ್ ಪ್ರಶ್ನಾವಳಿಯ ಬಗ್ಗೆ ಮಾತ್ರ ಈ ವಿಮರ್ಶೆ. ಆದಾಯ, ಸಾಲದ ಕಂತು, ಅವಲಂಬಿತರು, ತುರ್ತಿಗೆಂದು ತೆಗೆದಿಟ್ಟ ಹಣ ಇವನ್ನೆಲ್ಲ ವಿಚಾರಿಸುವ ಮೊದಲ ಭಾಗ ನಿಜಕ್ಕೂ ಚೆನ್ನಾಗಿದೆ.

ತೊಡಕಿರುವುದು ಮನೋಭಾವವನ್ನು ಅಳೆಯುವ ಎರಡನೆಯ ಭಾಗದಲ್ಲಿ. ಮಾರುಕಟ್ಟೆ ಶೇ. 20ರಷ್ಟು ಕುಸಿದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ ಕೊಟ್ಟಿರುವ ಉತ್ತರಗಳಲ್ಲಿ ಒಂದು, 'ಜಾಣ ಹೂಡಿಕೆದಾರರಂತೆ ಇನ್ನಷ್ಟು ಕೊಳ್ಳುತ್ತೇನೆ' ಎಂದಿದೆ. ಜಾಣರಲ್ಲ ಎನ್ನಿಸಿಕೊಳ್ಳಲು ಯಾರು ಒಪ್ಪುತ್ತಾರೆ? ಹೂಡಿಕೆ ಸಲಹೆಗಾರರಿಗಾಗಿ ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2013ರಲ್ಲಿ ಹೊರಡಿಸಿದ ನಿಯಮಗಳು, ಉತ್ತರದತ್ತ ಕೈಹಿಡಿದು ನಡೆಸುವ ಇಂಥ ಪ್ರಶ್ನೆಗಳು ಇರಕೂಡದೆಂದು ಸ್ಪಷ್ಟವಾಗಿಯೇ ಹೇಳುತ್ತವೆ.

ಪ್ರಶ್ನೆಯನ್ನು ತಿದ್ದಿದರೂ ಮೂಲ ಸಮಸ್ಯೆ ಉಳಿಯುತ್ತದೆ. ಅರ್ಥಶಾಸ್ತ್ರಜ್ಞ ಹ್ಯಾನ್ಸ್ ಬಿನ್ಸ್‌ವಾಂಗರ್ ನಮ್ಮ ದೇಶದ ಹಳ್ಳಿಗಳಲ್ಲಿ ನಡೆಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೈತರ ಮನೋಭಾವವನ್ನು ಎರಡು ಬಗೆಯಲ್ಲಿ ಅಳೆದಿದ್ದರು: ಒಂದು ಸಂದರ್ಶನ, ಇನ್ನೊಂದು ನಿಜವಾದ ಹಣ ಕೊಟ್ಟು ಆಡಿಸಿದ ನಾಣ್ಯದ ಆಟ. ಖಚಿತವಾದ 50 ರೂಪಾಯಿಯನ್ನು ತೆಗೆದುಕೊಳ್ಳಬಹುದು, ಇಲ್ಲವೇ ಒಂದು ಮುಖ ಬಿದ್ದರೆ 200 ರೂಪಾಯಿ, ಇನ್ನೊಂದು ಬಿದ್ದರೆ ಏನೂ ಇಲ್ಲ ಎಂಬ ಪಂದ್ಯದವರೆಗೆ ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸಬಹುದು. ಗರಿಷ್ಠ ಗಳಿಕೆ ಆಗಿನ ಕೂಲಿಕಾರರ ತಿಂಗಳ ಸಂಪಾದನೆಯನ್ನೂ ಮೀರುತ್ತಿತ್ತು. ಸಂದರ್ಶನದ ಫಲಿತಾಂಶಕ್ಕೂ ಆಟದ ಫಲಿತಾಂಶಕ್ಕೂ ತಾಳೆಯೇ ಆಗಲಿಲ್ಲ. ಮೊತ್ತ ದೊಡ್ಡದಾದಾಗ ಬಹುತೇಕ ಎಲ್ಲರೂ ಸಾಧಾರಣ ಮಟ್ಟದ ಎಚ್ಚರಿಕೆಯನ್ನೇ ತೋರಿದರು. ಬಾಯಿಮಾತಿನ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಆ್ಯಪ್ ಇಂಥ ಉತ್ತರಗಳಿಗೂ ಆದಾಯದ ವಿವರಗಳಿಗೂ ಅಂಕ ಕೊಟ್ಟು, ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ಹಣೆಪಟ್ಟಿ ಅಂಟಿಸುತ್ತದೆ. ಒಳ್ಳೆಯ ಸಂಬಳವಿದ್ದು ನಷ್ಟದ ಹೆಸರೆತ್ತಿದರೆ ನಿದ್ದೆಗೆಡುವ ತರುಣಿಗೂ ಇದರಿಂದ 'ಅಧಿಕ ರಿಸ್ಕ್' ಎಂಬ ವರ್ಗ ಸಿಗಬಹುದು. ನಷ್ಟವನ್ನು ತಾಳುವ ಶಕ್ತಿ ಮತ್ತು ತಾಳುವ ಮನಸ್ಸು ಬೇರೆ ಬೇರೆಯಾದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ತೋರಿಸಿ, ಕಡಿಮೆ ಇರುವುದನ್ನೇ ಮಿತಿಯೆಂದು ಹಿಡಿಯುವುದು ನ್ಯಾಯ. ಶೇಕಡಾವಾರಿನ ಬದಲು, ನೀವು ಹಾಕಿದ 5 ಲಕ್ಷ ರೂಪಾಯಿ 4 ಲಕ್ಷಕ್ಕೆ ಇಳಿದರೆ ಎಂದು ಕೇಳಿದರೂ ಎಷ್ಟೋ ಮೇಲು.

ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ. ಬಂದ ವರ್ಗವನ್ನು ಕೆಳಗಿಳಿಸಿಕೊಳ್ಳಲು ಸೆಟ್ಟಿಂಗ್ಸ್‌ನಲ್ಲಿ ಅವಕಾಶವಿದೆ. ಹೊಸಬರು ಮೊದಲ ಕಂತು ಕಟ್ಟುವ ಮುನ್ನ ಅದನ್ನು ಅಗತ್ಯವಾಗಿ ನೋಡಬೇಕು.