ಮಾತ್ರೆಯ ಹೆಸರು ಬರೆದುಕೊಡದ ಕಡೆ ಹಾರ್ಮೋನ್ ಶುರು ಮಾಡಬೇಡಿ

ಹಾರ್ಮೋನ್ ಚಿಕಿತ್ಸೆಗಾಗಿ ಡಾಕ್ಟರನ್ನು ಹುಡುಕುತ್ತಿರುವ ಟ್ರಾನ್ಸ್ ಹೆಣ್ಣುಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿಕಿತ್ಸೆ ಬೇಡ ಅಂತ ಹೇಳೋಕಲ್ಲ. ನಾನು ಈಗಲೂ ತೆಗೆದುಕೊಳ್ಳುತ್ತಿದ್ದೇನೆ, ನನಗೆ ಅದು ಬೇಕು. ಆದರೆ ಶುರುವಿನಲ್ಲಿ ನನಗೆ ಸಿಕ್ಕಿದ ಕ್ಲಿನಿಕ್ ನನ್ನ ಜೀವಕ್ಕೇ ಕುತ್ತು ತಂದಿತ್ತು. ಅಂಥ ಕ್ಲಿನಿಕ್‌ಗಳು ಇನ್ನೂ ಇವೆ.

ನಮ್ಮೂರು ದಾವಣಗೆರೆ ಕಡೆ. ಅಲ್ಲಿ ಒಬ್ಬ ಡಾಕ್ಟರ್ ಅಪ್ಪ ಅಮ್ಮನ ಸಹಿ ತಗೊಂಡು ಬಾ ಅಂದರು. ಇನ್ನೊಬ್ಬರು ನಾನು ಮಾತು ಮುಗಿಸುವ ಮೊದಲೇ ಮುಂದಿನವರನ್ನು ಕರೆದರು. ಹದಿನೆಂಟು ದಾಟಿದವರಿಗೆ ಹಾರ್ಮೋನ್ ಕೊಡಲು ಅಪ್ಪ ಅಮ್ಮನ ಸಹಿ ಬೇಕಿಲ್ಲ. ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು ಮಾತನಾಡಿಸಿ ಬರೆದುಕೊಡುವ ಒಂದು ಪತ್ರವನ್ನು ಸಾಮಾನ್ಯವಾಗಿ ಕೇಳುತ್ತಾರೆ, ಅಷ್ಟೇ. ಬೆಂಗಳೂರಿನಲ್ಲಿ ಒಂದು ಕ್ಲಿನಿಕ್ ಇದೆ, ಬೈಯಲ್ಲ, ಏನೂ ಕೇಳಲ್ಲ ಅಂತ ಪರಿಚಯದವರೊಬ್ಬರು ಹೇಳಿದಾಗ ನಾನು ರೈಲು ಹತ್ತಿದ್ದು ಆ ಒಂದು ಮಾತಿಗಾಗಿ. ಬೈಯಲ್ಲ ಅನ್ನೋದೇ ನಮಗೆ ದೊಡ್ಡ ವಿಷಯ, ಅಲ್ವಾ?

ಬೈಯಲಿಲ್ಲ ನಿಜ. ಏನೂ ಕೇಳಲಿಲ್ಲ ಅನ್ನೋದೂ ನಿಜ. ಬಿಪಿ ನೋಡಲಿಲ್ಲ. ರಕ್ತ ತೆಗೆಯಲಿಲ್ಲ. ಸಿಗರೇಟ್ ಸೇದುತ್ತೀಯಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು ಇದೆಯಾ, ಲಿವರ್ ಹೇಗಿದೆ, ಯಾವ ಪ್ರಶ್ನೆಯೂ ಇಲ್ಲ. ಮುಂದೆ ಮಗು ಬೇಕು ಅನ್ನಿಸಿದರೆ ವೀರ್ಯ ತೆಗೆದಿಡಬಹುದು, ಅದನ್ನು ಹಾರ್ಮೋನ್ ಶುರುವಾಗುವ ಮೊದಲೇ ಮಾಡಬೇಕು ಅನ್ನುವ ಮಾತನ್ನು ಯಾರೂ ಎತ್ತಲಿಲ್ಲ. ಹಾರ್ಮೋನ್ ತೆಗೆದುಕೊಂಡ ಮೇಲೆ ಆ ಶಕ್ತಿ ಪೂರ್ತಿ ವಾಪಸ್ ಬರುತ್ತದೆ ಅಂತ ಯಾರೂ ಖಾತ್ರಿ ಕೊಡಲಾರರು. ಇದನ್ನು ನಾನು ಕೇಳಿದ್ದು ತುಂಬಾ ತಡವಾಗಿ, ಬೇರೆ ಡಾಕ್ಟರ ಬಾಯಲ್ಲಿ. ಆ ದುಃಖ ಇನ್ನೂ ಹೋಗಿಲ್ಲ.

ಕ್ಲಿನಿಕ್‌ನವರು ಮಾತಾಡಿದ್ದು ಪ್ಯಾಕೇಜ್ ಬಗ್ಗೆ. ದುಡ್ಡು ಮುಂಗಡ ಕಟ್ಟಬೇಕು. ಮನೋವೈದ್ಯರ ಪತ್ರವನ್ನೂ ತಾವೇ ಮಾಡಿಸಿಕೊಡುತ್ತೇವೆ, ಅದಕ್ಕೆ ಬೇರೆ ದುಡ್ಡು ಅಂದರು. ಆರು ತಿಂಗಳಿಗೆ ಧ್ವನಿಯೂ ಹೆಣ್ಣಿನ ಹಾಗೆ ಆಗುತ್ತದೆ ಅಂದರು. ಇದು ಶುದ್ಧ ಸುಳ್ಳು. ಒಮ್ಮೆ ಒಡೆದ ಧ್ವನಿ ಈಸ್ಟ್ರೊಜೆನ್ ಅನ್ನುವ ಹೆಣ್ಣಿನ ಹಾರ್ಮೋನ್‌ನಿಂದ ಬದಲಾಗುವುದಿಲ್ಲ, ಅದಕ್ಕೆ ಧ್ವನಿಯ ಅಭ್ಯಾಸವೇ ಬೇಕು. ಗಡ್ಡವೂ ಹೋಗುವುದಿಲ್ಲ, ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ ಬೇಕು. ಎದೆ ಬೆಳೆಯಲು ಶುರುವಾಗುವುದಕ್ಕೇ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಹಿಡಿಯುತ್ತದೆ, ಪೂರ್ತಿ ಬೆಳೆಯಲು ಎರಡು ಮೂರು ವರ್ಷ. ಇದನ್ನು ಮೊದಲೇ ಹೇಳುವ ಡಾಕ್ಟರ್ ಸಿಕ್ಕರೆ ಅವರನ್ನು ನಂಬಬಹುದು.

ಆಮೇಲೆ ಕೈಗೆ ಬಂದಿದ್ದು ಬಿಳಿ ಪೇಪರ್ ಕವರ್. ಒಳಗೆ ಸ್ಟ್ರಿಪ್‌ನಿಂದ ಬಿಡಿಸಿದ ಮಾತ್ರೆಗಳು. ಕವರ್ ಮೇಲೆ ಬೆಳಿಗ್ಗೆ ಎರಡು, ರಾತ್ರಿ ಎರಡು ಅಂತ ಪೆನ್ನಿನಲ್ಲಿ ಬರೆದಿತ್ತು, ಅಷ್ಟೇ. ಮಾತ್ರೆಯ ಹೆಸರೇನು ಸರ್, ಚೀಟಿ ಬರೆದುಕೊಡಿ ಅಂತ ಕೇಳಿದೆ. "ಚೀಟಿ ಕೊಟ್ಟರೆ ನೀವು ಬೇರೆಯವರಿಗೆ ಹಂಚುತ್ತೀರಿ. ನಿಮ್ಮಂಥವರಿಗೆಲ್ಲ ಇದೇ ಕೋರ್ಸು" ಅಂದರು. ಮುಂದಿನ ಸಲವೂ ಕೇಳಿದೆ, ಅದೇ ಉತ್ತರ. ಮಧ್ಯೆ ಮಧ್ಯೆ ಒಂದು ಇಂಜೆಕ್ಷನ್ ಹಾಕುತ್ತಿದ್ದರು. ಅದು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಕೆಲವು ತಿಂಗಳಾದ ಮೇಲೆ ಎಡಗಾಲಿನ ಮೀನಖಂಡ ನೋಯತೊಡಗಿತು. ಮೊದಲು ಬಸ್ಸಿನಲ್ಲಿ ನಿಂತು ಬಂದಿದ್ದಕ್ಕೆ ಅಂದುಕೊಂಡೆ. ಆಮೇಲೆ ಆ ಒಂದು ಕಾಲು ಮಾತ್ರ ಊದಿಕೊಂಡಿತು, ಮುಟ್ಟಿದರೆ ಬಿಸಿ. ಕ್ಲಿನಿಕ್‌ಗೆ ಫೋನ್ ಮಾಡಿದರೆ "ಅದೆಲ್ಲ ಮೊದಮೊದಲು ಇರುತ್ತೆ, ಕಾಲು ಮೇಲಿಟ್ಟು ಮಲಗು" ಅಂದರು. ನನ್ನ ಅಕ್ಕ ಕೇಳಲಿಲ್ಲ. ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಪ್ಲರ್ ಸ್ಕ್ಯಾನ್ ಮಾಡಿದರು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣ ಹೋಗಬಹುದು ಅಂತ ಅಲ್ಲಿನ ಡಾಕ್ಟರ್ ನೇರವಾಗಿ ಹೇಳಿದರು.

ಅವರು ಕೇಳಿದ ಮೊದಲ ಪ್ರಶ್ನೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ನಾನು ಪೇಪರ್ ಕವರ್ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿದರು. ಅದರಿಂದ ಅವರಿಗೆ ಏನು ತಿಳಿಯಬೇಕು?

ಮಾರನೇ ದಿನ ಅಕ್ಕ ಕ್ಲಿನಿಕ್‌ಗೆ ಹೋಗಿ ಗಲಾಟೆ ಮಾಡಿದ ಮೇಲೆ ಕಾಂಪೌಂಡರ್ ಒಂದು ಖಾಲಿ ಸ್ಟ್ರಿಪ್ ಕೊಟ್ಟ. ಸೈಪ್ರೊಟೆರೋನ್ 2 ಮಿಲಿಗ್ರಾಂ, ಇಥಿನೈಲ್ ಎಸ್ಟ್ರಾಡಿಯಾಲ್ 0.035 ಮಿಲಿಗ್ರಾಂ. ಮೊಡವೆಗೆ, ಪಿಸಿಓಎಸ್‌ಗೆ ಹೆಂಗಸರಿಗೆ ಕೊಡುವ ಮಾತ್ರೆ. ಅವರಿಗೂ ದಿನಕ್ಕೆ ಒಂದೇ. ನನಗೆ ದಿನಕ್ಕೆ ನಾಲ್ಕು ನುಂಗಿಸಿದ್ದರು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಈಸ್ಟ್ರೊಜೆನ್ ಎಲ್ಲವೂ ಒಂದೇ ಅಲ್ಲ. ಹೆಣ್ಣಿನ ದೇಹದಲ್ಲಿ ತಾನಾಗಿ ಇರುವುದು ಎಸ್ಟ್ರಾಡಿಯಾಲ್. ಚಿಕಿತ್ಸೆಗೆ ಕೊಡಬೇಕಾದ್ದೂ ಅದೇ, ಮಾತ್ರೆ, ಜೆಲ್, ಪ್ಯಾಚ್ ಅಥವಾ ಇಂಜೆಕ್ಷನ್ ರೂಪದಲ್ಲಿ. ಇಥಿನೈಲ್ ಎಸ್ಟ್ರಾಡಿಯಾಲ್ ಕಾರ್ಖಾನೆಯಲ್ಲಿ ಮಾಡಿದ, ಗರ್ಭನಿರೋಧಕ ಮಾತ್ರೆಗಳಲ್ಲಿ ಇರುವ ಬೇರೆ ವಸ್ತು. ಅದು ಲಿವರ್‌ನಲ್ಲಿ ಬೇಗ ಒಡೆಯುವುದಿಲ್ಲ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಜಾಸ್ತಿ ಮಾಡುತ್ತದೆ. ಟ್ರಾನ್ಸ್ ಮಹಿಳೆಯರಿಗೆ ಇದನ್ನು ಕೊಡಬಾರದು ಅಂತ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯೂ ಹೇಳುತ್ತದೆ. ಮಾಲಾ-ಡಿಯಲ್ಲಿ ಇರುವುದೂ ಇದೇ. ನಮ್ಮ ಹಿರಿಯರು ಎಷ್ಟೋ ಜನ ಮಾಲಾ ಮಾತ್ರೆ ನುಂಗಿಯೇ ಬಂದವರು, ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಅವರ ಮೇಲೆ ನನಗೆ ಗೌರವ ಇದೆ. ಆದರೆ ಇವತ್ತು ಕ್ಲಿನಿಕ್ ಇಟ್ಟು ದುಡ್ಡು ತೆಗೆದುಕೊಂಡು ಅದನ್ನೇ ಕೊಡುವವರಿಗೆ ಕ್ಷಮೆ ಇಲ್ಲ.

ಸೈಪ್ರೊಟೆರೋನ್ ಗಂಡಿನ ಹಾರ್ಮೋನ್ ಆದ ಟೆಸ್ಟೋಸ್ಟಿರೋನ್ ತಗ್ಗಿಸುವ ಔಷಧಿ. ಅದನ್ನು ಸರಿಯಾಗಿ ಕೊಡುವ ಡಾಕ್ಟರುಗಳಿದ್ದಾರೆ. ಆದರೆ ಡೋಸ್ ಜಾಸ್ತಿಯಾಗಿ ತುಂಬಾ ದಿನ ತೆಗೆದುಕೊಂಡರೆ ಮೆದುಳಿನ ಪೊರೆಯಲ್ಲಿ ಮೆನಿಂಜಿಯೋಮಾ ಅನ್ನುವ ಗಡ್ಡೆ ಬರುವ ಅಪಾಯ ಇದೆ ಅಂತ ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಎಚ್ಚರಿಸಿತು. ಲಿವರ್ ನೋಡುತ್ತಿರಬೇಕು, ಮನಸ್ಸು ಕುಗ್ಗುತ್ತಿದೆಯಾ ಅಂತಲೂ ನೋಡಬೇಕು. ನಮ್ಮಲ್ಲಿ ಜಾಸ್ತಿ ಬಳಸುವ ಇನ್ನೊಂದು ಸ್ಪೈರೊನೊಲ್ಯಾಕ್ಟೋನ್. ಅದು ಬಿಪಿ ಇಳಿಸುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ. ಪೊಟ್ಯಾಸಿಯಂ ವಿಪರೀತ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅದನ್ನು ತೆಗೆದುಕೊಳ್ಳುವವರು ಎಳನೀರು ದಿನಾ ಕುಡಿಯುವ ಮೊದಲು, ಲೋ ಸೋಡಿಯಂ ಉಪ್ಪು ಬಳಸುವ ಮೊದಲು ಡಾಕ್ಟರನ್ನು ಕೇಳಬೇಕು, ಎರಡರಲ್ಲೂ ಪೊಟ್ಯಾಸಿಯಂ ಇದೆ. ಈಗ ನೋಡಿ, ಕವರಿನಲ್ಲಿ ಇರುವುದು ಯಾವ ಮಾತ್ರೆ ಅಂತಲೇ ಗೊತ್ತಿಲ್ಲದಿದ್ದರೆ ಇದರಲ್ಲಿ ಯಾವ ಎಚ್ಚರ ವಹಿಸುತ್ತೀರಿ?

ನನಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ ಶುರು ಮಾಡಿದರು, ಹಾರ್ಮೋನ್ ಪೂರ್ತಿ ನಿಲ್ಲಿಸಿದರು. ಆ ತಿಂಗಳುಗಳು ಕಾಲು ನೋವಿಗಿಂತ ಕಷ್ಟವಾಗಿದ್ದವು. ಮೃದುವಾಗಿದ್ದ ಮುಖ ಮತ್ತೆ ಒರಟಾಗುವುದನ್ನು ನೋಡುತ್ತಾ ಕೂರಬೇಕಾಯಿತು. ಆಮೇಲೆ ಒಬ್ಬ ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರು, ಸಿಕ್ಕರು. ಹೆಪ್ಪಿನ ಔಷಧಿ ಮುಂದುವರಿಸುತ್ತಲೇ, ಚರ್ಮಕ್ಕೆ ಹಚ್ಚುವ ಎಸ್ಟ್ರಾಡಿಯಾಲ್ ಜೆಲ್ಲನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿದರು. ಚರ್ಮದ ಮೂಲಕ ಹೋಗುವುದರಲ್ಲಿ ಹೆಪ್ಪಿನ ಅಪಾಯ ಕಡಿಮೆ. ಮೊದಲೇ ಲಿವರ್, ಕಿಡ್ನಿ, ಪೊಟ್ಯಾಸಿಯಂ, ಸಕ್ಕರೆ, ಪ್ರೊಲ್ಯಾಕ್ಟಿನ್, ಎಸ್ಟ್ರಾಡಿಯಾಲ್, ಟೆಸ್ಟೋಸ್ಟಿರೋನ್ ಎಲ್ಲ ನೋಡಿದರು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ರಕ್ತದಲ್ಲಿ ಎಸ್ಟ್ರಾಡಿಯಾಲ್ ಮಿಲಿಲೀಟರಿಗೆ 100ರಿಂದ 200 ಪಿಕೋಗ್ರಾಂ ಒಳಗೆ, ಟೆಸ್ಟೋಸ್ಟಿರೋನ್ ಡೆಸಿಲೀಟರಿಗೆ 50 ನ್ಯಾನೋಗ್ರಾಂಗಿಂತ ಕೆಳಗೆ ಇರಬೇಕು ಅಂತ ಚೀಟಿಯ ಮೇಲೇ ಬರೆದುಕೊಟ್ಟರು. ಡಬಲ್ ತೆಗೆದುಕೊಂಡರೆ ಬೇಗ ಬದಲಾಗುವುದಿಲ್ಲ, ಅಪಾಯ ಮಾತ್ರ ಡಬಲ್ ಅಂದರು.

ಕ್ಲಿನಿಕ್ ಮೇಲೆ ದೂರು ಕೊಟ್ಟಿದ್ದೇವೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಡಾಕ್ಟರು ಚೀಟಿಯ ಮೇಲೆ ತಮ್ಮ ನೋಂದಣಿ ಸಂಖ್ಯೆ ಹಾಕಬೇಕು, ನೀವು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇದು ವೈದ್ಯರ ನಡವಳಿಕೆಯ 2002ರ ನಿಯಮದಲ್ಲೇ ಇದೆ. ಹಾಗಾಗಿ ಚೀಟಿ ಕೇಳುವಾಗ ಹಿಂಜರಿಯಬೇಡಿ, ನೀವು ಭಿಕ್ಷೆ ಕೇಳುತ್ತಿಲ್ಲ. ಕೊಡದಿದ್ದರೆ ಮಾತ್ರೆಯನ್ನು ಅಲ್ಲೇ ಬಿಟ್ಟು ಎದ್ದು ಬನ್ನಿ. ಮುಂಗಡ ಕಟ್ಟಿದ್ದರೂ ಬನ್ನಿ.

ಈಗಾಗಲೇ ಹೆಸರಿಲ್ಲದ ಮಾತ್ರೆ ನುಂಗುತ್ತಿದ್ದರೆ, ಉಳಿದ ಮಾತ್ರೆಗಳನ್ನು ಬಿಸಾಡದೆ ಕವರ್ ಸಮೇತ ಬೇಗ ಬೇರೆ ಡಾಕ್ಟರಿಗೆ ತೋರಿಸಿ. ಒಂದೇ ಕಾಲು ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯವರು ಹೇಗೆ ನೋಡುತ್ತಾರೋ ಅಂತ ಭಯ ಆದರೂ ಸರಿ, ಹಾರ್ಮೋನ್ ತೆಗೆದುಕೊಳ್ಳುತ್ತಿದ್ದೇನೆ ಅನ್ನೋದನ್ನು ಮೊದಲೇ ಹೇಳಿ.