ಮೂರು ಇನ್ಫ್ರಾರೆಡ್ ಗಾಜು, ಒಂದೇ ಲೇಸರ್: ನನಗೆ ಒದಗಿದ್ದು ಯಾವುದು?

ನಮಗೆ ಬೆಳಕಿನಿಂದ ಮೀಥೇನ್ ಅನಿಲವನ್ನು ಗುರುತಿಸಬೇಕಿತ್ತು. ಅದು 3.3 ಮೈಕ್ರಾನ್ ತರಂಗಾಂತರದ ಹತ್ತಿರದ ಬೆಳಕನ್ನು ಚೆನ್ನಾಗಿ ಹೀರುತ್ತದೆ. ನಮ್ಮ ಲ್ಯಾಬಲ್ಲಿ ಇದ್ದದ್ದು 2 ಮೈಕ್ರಾನ್‌ನ ಥೂಲಿಯಂ ಪಲ್ಸ್ ಲೇಸರ್. ಅದರ ಬೆಳಕನ್ನು ಫೈಬರ್ (ಗಾಜಿನ ಸಣ್ಣ ಎಳೆ) ಒಳಗೆ ಬೇರೆ ಬೇರೆ ತರಂಗಾಂತರಗಳಿಗೆ ಹರಡಿಸಿ 3.3ಕ್ಕೆ ಮುಟ್ಟಿಸಬೇಕಿತ್ತು. ಮಾಮೂಲಿ ಸಿಲಿಕಾ ಅಷ್ಟು ದೂರದ ಬೆಳಕನ್ನು ನುಂಗಿಬಿಡುತ್ತದೆ, ಹಾಗಾಗಿ ಬೇರೆ ಮೂರು ಗಾಜಿನ ಫೈಬರ್ ತರಿಸಿದೆವು.

ಮೊದಲು ಜೋಡಿಸಿದ್ದು ಆರ್ಸೆನಿಕ್ ಸಲ್ಫೈಡ್. ಆಸೆ ಸಹಜ ಅಲ್ವಾ? ಬೆಳಕು ಜೋರಾದಂತೆ ಗಾಜಿನ ವಕ್ರೀಭವನ ಸೂಚ್ಯಂಕ ಎಷ್ಟು ಏರುತ್ತದೆ ಅನ್ನೋ ಲೆಕ್ಕದಲ್ಲಿ ಇದು ಸಿಲಿಕಾಕ್ಕಿಂತ ಸುಮಾರು 100 ಪಟ್ಟು ಮುಂದೆ. ಆ ಏರಿಕೆಯ ಬಲದಿಂದಲೇ ಬೆಳಕು ಹರಡುವುದು. ಆದರೆ ಬೆಳಕು ಲೇಸರ್ ತರಂಗದ ಅಕ್ಕಪಕ್ಕದಲ್ಲೇ ಸ್ವಲ್ಪ ಅಗಲವಾಯಿತು, 3.3ರ ಕಡೆ ಸುಳಿಯಲೇ ಇಲ್ಲ. ಕಾರಣ ಡಿಸ್ಪರ್ಷನ್, ಅಂದರೆ ಬೇರೆ ಬೇರೆ ತರಂಗಾಂತರದ ಬೆಳಕು ಗಾಜಿನಲ್ಲಿ ಬೇರೆ ಬೇರೆ ವೇಗದಲ್ಲಿ ಸಾಗುವುದು. ಈ ಗಾಜಿನಲ್ಲಿ ಅದು ಸೊನ್ನೆಯಾಗುವುದು 5 ಮೈಕ್ರಾನ್ ಹತ್ತಿರ. ಆ ಸೊನ್ನೆಗಿಂತ ಬಹಳ ಹಿಂದೆ, 2ರಲ್ಲಿ, ಒಳಗೆ ಹೋದ ಪಲ್ಸ್ ಸ್ವಲ್ಪ ದೂರದಲ್ಲೇ ಹಿಗ್ಗಿ ಕಸುವು ಕಳೆದುಕೊಳ್ಳುತ್ತದೆ, ಸಾಲಿಟಾನ್ (ಹಿಗ್ಗದೆ ಆಕಾರ ಉಳಿಸಿಕೊಂಡು ಸಾಗುವ ಪಲ್ಸ್) ಹುಟ್ಟುವುದೇ ಇಲ್ಲ. ಹಟಕ್ಕೆ ಬಿದ್ದು ಪವರ್ ಏರಿಸಿದೆ. ಆಮೇಲೆ ಮೈಕ್ರೋಸ್ಕೋಪಲ್ಲಿ ನೋಡಿದರೆ ಫೈಬರ್ ತುದಿಯ ನಟ್ಟನಡುವೆ ಒಂದು ಕಪ್ಪು ಚುಕ್ಕೆ, ಬೆಳಕು ಸಾಗುವ ಒಳಭಾಗ, ಅಂದರೆ ಕೋರ್, ಸುಟ್ಟಿತ್ತು. ಜೊತೆಗೆ ಸೂಚ್ಯಂಕ 2.4 ಇರುವುದರಿಂದ ತುದಿಗೆ ಬಿದ್ದ ಬೆಳಕಲ್ಲಿ ಸುಮಾರು 17% ಸುಮ್ನೆ ವಾಪಸ್ ಬರುತ್ತದೆ.

ಎರಡನೆಯದು ಟೆಲ್ಯುರೈಟ್, ಟೆಲ್ಯುರಿಯಂ ಆಕ್ಸೈಡ್ ಗಾಜು. ಅದರ ಮೇಲೆ ನನಗೆ ಜಾಸ್ತಿ ಭರವಸೆ ಇತ್ತು. ಸಿಲಿಕಾದ 20-30 ಪಟ್ಟು ಬಲ, ಡಿಸ್ಪರ್ಷನ್ ಸೊನ್ನೆಯೂ 2.2ರ ಆಸುಪಾಸಿನಲ್ಲಿ. ಬೆಳಕು ಚೆನ್ನಾಗಿಯೇ ಹರಡಿತು. ಆದರೆ 3 ದಾಟುತ್ತಿದ್ದಂತೆ ದೊಡ್ಡ ಹಳ್ಳ, ಗಾಜಿನಲ್ಲಿ ಉಳಿದ ನೀರಿನಂಶದ್ದು. ನಮಗೆ ಬೇಕಾದ ಜಾಗವೇ ಕತ್ತಲು. ಒಣಗಾಳಿಯಲ್ಲಿ ಕರಗಿಸಿದ ಗಾಜಾಗಿದ್ದರೆ ಮಾತು ಬೇರೆ.

ಗೆದ್ದಿದ್ದು ಜಿಬ್ಲಾನ್, ಜಿರ್ಕೋನಿಯಂ ಫ್ಲೋರೈಡ್ ಗಾಜು. ಬಲ ಹೆಚ್ಚುಕಮ್ಮಿ ಸಿಲಿಕಾದಷ್ಟೇ. ಆದರೆ ಡಿಸ್ಪರ್ಷನ್ ಸೊನ್ನೆಯಾಗುವ ಜಾಗ 1.6-1.7ರಲ್ಲೇ ಇರುವುದರಿಂದ 2ರಲ್ಲಿ ಸಾಲಿಟಾನ್‌ಗಳು ಹುಟ್ಟುತ್ತವೆ, ರಾಮನ್ ಪರಿಣಾಮ (ಗಾಜಿನ ಕಂಪನಕ್ಕೆ ಬೆಳಕು ಸ್ವಲ್ಪ ಶಕ್ತಿ ಬಿಟ್ಟುಕೊಡುವುದು) ಅವನ್ನು ಉದ್ದ ತರಂಗದ ಕಡೆಗೆ ತಳ್ಳುತ್ತಾ ಹೋಗುತ್ತದೆ. ಎಂಟು ಮೀಟರ್ ಸುತ್ತಿದೆ, 3.3ರಲ್ಲಿ ಮೀಥೇನ್ ಗೆರೆಗಳು ಬಿಡಿಬಿಡಿಯಾಗಿ ಕಂಡವು. ಆ ಸಂಜೆ ತುಂಬಾ ಖುಷಿಯಾಯಿತು.

ಕಷ್ಟ ಇಲ್ಲ ಅಂತಲ್ಲ. ಸಿಲಿಕಾಕ್ಕೆ ಇಡುವ ಎಳೆತವನ್ನೇ ಫೈಬರ್ ಕತ್ತರಿಸುವ ಕ್ಲೀವರ್‌ನಲ್ಲಿ ಇಟ್ಟರೆ ಜಿಬ್ಲಾನ್ ಚೂರಾಗುತ್ತದೆ, ಎಳೆತ ತುಂಬಾ ಇಳಿಸಬೇಕು. ತೇವ ತಾಗಿದರೆ ತುದಿ ಮಂಕಾಗುತ್ತದೆ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಲ್ಲದೆ ಇಡಬೇಡಿ.

4 ಮೈಕ್ರಾನ್ ಆಚೆ ಕೆಲಸವಿದ್ದರೆ ಜಿಬ್ಲಾನ್ ಸಾಲದು. ಅಲ್ಲಿ ಆರ್ಸೆನಿಕ್ ಸಲ್ಫೈಡೇ ಬೇಕು, ಆದರೆ 2 ಮೈಕ್ರಾನ್ ಬೆಳಕನ್ನು ನೇರ ಹಾಕಬೇಡಿ. ಜಿಬ್ಲಾನ್‌ನಿಂದ ಹೊರಬಂದ ಉದ್ದ ತರಂಗವನ್ನೇ ಅದಕ್ಕೆ ಕೊಡಿ. ಈಗ ನಾನೂ ಅದನ್ನೇ ಜೋಡಿಸುತ್ತಿದ್ದೇನೆ.